ಕೋಟಿ ನಕ್ಷತ್ರಗಳು ಸಾಕ್ಷಿ ಹೇಳುವುದಿಲ್ಲ

ಅನ್ಯಗ್ರಹ ಜೀವಿಗಳ ಮಾತು ಬಂದರೆ ನಮ್ಮ ಶಾಲೆ ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ನಮ್ಮ ಆಕಾಶಗಂಗೆಯೊಂದರಲ್ಲೇ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ, ಅಂಥ ಗೆಲಾಕ್ಸಿಗಳು ಲೆಕ್ಕವಿಲ್ಲದಷ್ಟಿವೆ, ಇಷ್ಟು ದೊಡ್ಡ ವಿಶ್ವದಲ್ಲಿ ನಾವೊಬ್ಬರೇ ಇದ್ದೇವೆ ಅನ್ನುವುದು ಅಹಂಕಾರವಲ್ಲವೇ? ಚಪ್ಪಾಳೆ ಬೀಳುತ್ತದೆ. ತೀರ್ಪುಗಾರರೂ ತಲೆದೂಗುತ್ತಾರೆ. ಇದೇ ಮಾತನ್ನು ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಹೇಳುತ್ತಾರೆ, ಟಿವಿ ನಿರೂಪಕರು ಹಿನ್ನೆಲೆ ಸಂಗೀತದ ಜೊತೆ ಹೇಳುತ್ತಾರೆ, ದೊಡ್ಡ ದೊಡ್ಡ ಖಗೋಳ ವಿಜ್ಞಾನಿಗಳೂ ಸಂದರ್ಶನದ ಕೊನೆಗೆ ಒಮ್ಮೆ ಹೇಳಿಬಿಡುತ್ತಾರೆ.

ನನ್ನ ತಕರಾರು ಈ ಮಾತಿನ ಮೇಲೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಎಲ್ಲೋ ಜೀವ ಇದ್ದರೂ ಇರಬಹುದು. ಆದರೆ ಆ ಮಾತಿನೊಳಗೆ ವಾದವೇ ಇಲ್ಲ. ಬರೀ ಒಂದು ದೊಡ್ಡ ಸಂಖ್ಯೆ ಇದೆ, ಅದರ ಪಕ್ಕದಲ್ಲಿ ಒಂದು ಆಸೆ ಇದೆ. ಅನಂತಕೋಟಿ ಬ್ರಹ್ಮಾಂಡನಾಯಕ ಎಂದು ದೇವರನ್ನು ಹೊಗಳುತ್ತಾ ಬೆಳೆದ ನಮಗೆ ದೊಡ್ಡ ಸಂಖ್ಯೆ ಕಂಡ ತಕ್ಷಣ ಕೈ ಮುಗಿಯುವ ಅಭ್ಯಾಸ. ಲೆಕ್ಕದಲ್ಲಿ ಹಾಗೆ ಕೈ ಮುಗಿಯಲು ಬರುವುದಿಲ್ಲ.

ಕಾಣುವ ವಿಶ್ವದ ನಕ್ಷತ್ರಗಳನ್ನು ಬರೆಯಲು ಒಂದರ ಮುಂದೆ ಸುಮಾರು 22 ಸೊನ್ನೆ ಹಾಕಬೇಕು ಎಂದಿಟ್ಟುಕೊಳ್ಳಿ. ಯಾವುದೋ ಒಂದು ಗ್ರಹದಲ್ಲಿ, ನೀರು ಬಿಸಿಲು ಎಲ್ಲ ಅನುಕೂಲ ಇದ್ದಾಗಲೂ, ಜಡ ರಸಾಯನದಿಂದ ಮೊದಲ ಜೀವಕೋಶ ಎದ್ದು ಬರುವ ಸಾಧ್ಯತೆ ಎಷ್ಟು? ಒಂದರ ಮುಂದೆ 10 ಸೊನ್ನೆ ಹಾಕಿದಷ್ಟರಲ್ಲಿ ಒಂದು ಪಾಲು ಎಂದಾದರೆ ವಿಶ್ವ ಜೀವಿಗಳಿಂದ ಗಿಜಿಗುಡುತ್ತಿರಬೇಕು. 40 ಸೊನ್ನೆಯಷ್ಟರಲ್ಲಿ ಒಂದು ಪಾಲು ಎಂದಾದರೆ ನಾವಿರುವುದೇ ದೊಡ್ಡ ಆಶ್ಚರ್ಯ. ಎರಡರಲ್ಲಿ ಯಾವುದು ಸರಿ? ಇವತ್ತಿನವರೆಗೆ ಇದಕ್ಕೆ ಉತ್ತರ ಕೊಟ್ಟವರಿಲ್ಲ. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಗಾಜಿನ ಬುರುಡೆಯೊಳಗೆ ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿ ತುಂಬಿ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲ ಪಡೆದರು. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅಮೈನೋ ಆಮ್ಲದಿಂದ ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಕೋಶದವರೆಗಿನ ದಾರಿಯನ್ನು ಪ್ರಯೋಗಶಾಲೆಯಲ್ಲಿ ಯಾರೂ ಪೂರ್ತಿ ನಡೆದಿಲ್ಲ. ಆ ದಾರಿಯ ಉದ್ದ ಗೊತ್ತಿಲ್ಲದ ತನಕ ನಕ್ಷತ್ರಗಳನ್ನು ಎಷ್ಟು ಎಣಿಸಿದರೂ ಪ್ರಯೋಜನವಿಲ್ಲ. ಗೊತ್ತಿರುವ ದೊಡ್ಡ ಸಂಖ್ಯೆಯನ್ನು ಗೊತ್ತಿಲ್ಲದ ಸಣ್ಣ ಸಂಖ್ಯೆಯಿಂದ ಗುಣಿಸಿದರೆ ಬರುವ ಉತ್ತರವೂ ಗೊತ್ತಿಲ್ಲದ್ದೇ.

ಇದನ್ನು ಮುಚ್ಚಿಹಾಕುವುದಕ್ಕೆಂದೇ ನಾವು ಡ್ರೇಕ್ ಸಮೀಕರಣವನ್ನು ಬಳಸುತ್ತಿದ್ದೇವೇನೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ವಿಜ್ಞಾನ ಪ್ರದರ್ಶನದ ಥರ್ಮೋಕೋಲ್ ಹಲಗೆಗಳ ಮೇಲೆ ಅದು ನ್ಯೂಟನ್ನನ ನಿಯಮದಷ್ಟೇ ಗಂಭೀರವಾಗಿ ನಿಂತಿರುತ್ತದೆ. ಏಳು ಅಂಶಗಳು, ಗುಣಾಕಾರ, ಕೊನೆಗೆ ನಮ್ಮ ಗೆಲಾಕ್ಸಿಯಲ್ಲಿ ಮಾತಾಡಬಲ್ಲ ನಾಗರಿಕತೆಗಳು ಇಂತಿಷ್ಟು ಎಂಬ ಉತ್ತರ. ಆದರೆ ಫ್ರಾಂಕ್ ಡ್ರೇಕ್ ಅದನ್ನು ಬರೆದದ್ದು ಉತ್ತರ ಕಂಡುಹಿಡಿಯಲು ಅಲ್ಲ. 1960ರಲ್ಲಿ ಅವರು ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿ 26 ಮೀಟರ್ ಅಗಲದ ರೇಡಿಯೋ ದೂರದರ್ಶಕವನ್ನು ಟೌ ಸೆಟಿ, ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳತ್ತ ತಿರುಗಿಸಿ ಕಿವಿಗೊಟ್ಟಿದ್ದರು. ಮರುವರ್ಷ ಅಲ್ಲೇ ಒಂದು ಸಣ್ಣ ಸಭೆ ಸೇರಿತು. ಆ ಸಭೆಯಲ್ಲಿ ಯಾವ ಯಾವ ವಿಷಯ ಮಾತಾಡಬೇಕು ಎಂಬುದರ ಪಟ್ಟಿಯೇ ಆ ಸಮೀಕರಣ. ಅಂದರೆ ನಮಗೆ ಏನೇನು ಗೊತ್ತಿಲ್ಲ ಎಂಬುದರ ಪಟ್ಟಿ. ಅದನ್ನು ಸೂತ್ರವೆಂದು ಬಾಯಿಪಾಠ ಮಾಡಿಸಿದರೆ ಡ್ರೇಕ್‌ಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಆ ಪಟ್ಟಿಯ ಮೊದಲ ಅಂಶಗಳು ಈಗ ಕತ್ತಲಲ್ಲಿಲ್ಲ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೇ ಕೆಲೋ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಮೊದಲ ಗ್ರಹ ಕಂಡರು. 2025ರ ಹೊತ್ತಿಗೆ ಖಚಿತವಾದ ಇಂಥ ಗ್ರಹಗಳ ಸಂಖ್ಯೆ 6000 ದಾಟಿತು. ನಕ್ಷತ್ರವಿದ್ದಲ್ಲಿ ಗ್ರಹ ಇರುವುದು ಸಾಮಾನ್ಯ ಸಂಗತಿ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಗ್ರಹ ಇರುವುದು ಬೇರೆ, ಅಲ್ಲಿ ಜೀವ ಇರುವುದು ಬೇರೆ. ಮೊದಲನೆಯದನ್ನು ಎಣಿಸಿ ತೋರಿಸಿ ಎರಡನೆಯದನ್ನೂ ಎಣಿಸಿದ ಹಾಗೆ ಮಾತಾಡುವುದು ಈಗಿನ ರೂಢಿ.

ಇಲ್ಲಿ ಕೆಲವರು ಇನ್ನೊಂದು ಪಟ್ಟು ಹಾಕುತ್ತಾರೆ. ಭೂಮಿ ಹುಟ್ಟಿ 450 ಕೋಟಿ ವರ್ಷ. 350 ಕೋಟಿ ವರ್ಷ ಹಳೆಯ ಆಸ್ಟ್ರೇಲಿಯಾದ ಬಂಡೆಗಳಲ್ಲಿ ಆಗಲೇ ಸೂಕ್ಷ್ಮಜೀವಿಗಳ ಕುರುಹು ಇದೆ. ಇಷ್ಟು ಬೇಗ ಜೀವ ಹುಟ್ಟಿತೆಂದರೆ ಹುಟ್ಟುವುದು ಸುಲಭವೇ ಇರಬೇಕು! ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಸಾಕು ಎಂಬ ತರ್ಕ ಇದು. ಒಂದಗುಳು ಸಾಕಾಗುವುದು ಯಾಕೆ? ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯ ಮೇಲೆ ಬೆಂದಿವೆ ಎಂದು ನಮಗೆ ಮೊದಲೇ ಗೊತ್ತಿರುವುದರಿಂದ. ಗ್ರಹಗಳ ವಿಷಯದಲ್ಲಿ ಅದು ಗೊತ್ತಿಲ್ಲ. ಇನ್ನೂ ಎಡವಟ್ಟಿನ ಸಂಗತಿ ಏನೆಂದರೆ, ಇಲ್ಲಿ ಹಿಸುಕಿ ನೋಡುತ್ತಿರುವ ಬೆರಳೂ ಆ ಅಗುಳಿನದ್ದೇ. ಬುದ್ಧಿವಂತ ಪ್ರಾಣಿ ವಿಕಾಸವಾಗಲು ಮುನ್ನೂರು ನಾನ್ನೂರು ಕೋಟಿ ವರ್ಷ ಬೇಕೆಂದಾದರೆ, ಜೀವ ತಡವಾಗಿ ಹುಟ್ಟಿದ ಗ್ರಹದಲ್ಲಿ ಈ ಪ್ರಶ್ನೆ ಕೇಳಲು ಯಾರೂ ಇರುವುದಿಲ್ಲ. ಪ್ರಶ್ನೆ ಕೇಳುವವರು ಎಲ್ಲೇ ಇರಲಿ, ಅವರಿಗೆ ತಮ್ಮ ಗ್ರಹದಲ್ಲಿ ಜೀವ ಬೇಗ ಹುಟ್ಟಿದಂತೆಯೇ ಕಾಣುತ್ತದೆ, ಅದು ಲಕ್ಷ ಕೋಟಿಯಲ್ಲೊಂದು ಆಕಸ್ಮಿಕವಾಗಿದ್ದರೂ. ಭೌತವಿಜ್ಞಾನಿ ಬ್ರ್ಯಾಂಡನ್ ಕಾರ್ಟರ್ 1983ರಲ್ಲೇ ಈ ತೊಡಕನ್ನು ಮುಂದಿಟ್ಟರು. ನಮ್ಮ ಜನಪ್ರಿಯ ವಿಜ್ಞಾನ ಬರವಣಿಗೆ ಅದನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತದೆ.

ಎದುರು ಪಕ್ಷದ ವಾದವೂ ಅಷ್ಟೇ ಪೊಳ್ಳು. ಇಷ್ಟು ದಿನವಾದರೂ ಯಾರೂ ಬಂದಿಲ್ಲ, ಯಾವ ಕರೆಯೂ ಕೇಳಿಲ್ಲ, ಆದ್ದರಿಂದ ಯಾರೂ ಇಲ್ಲ ಅನ್ನುವವರಿದ್ದಾರೆ. 1950ರಲ್ಲಿ ಊಟದ ಮೇಜಿನಲ್ಲಿ ಎನ್ರಿಕೋ ಫರ್ಮಿ ಕೇಳಿದ ‘ಹಾಗಾದರೆ ಎಲ್ಲರೂ ಎಲ್ಲಿ?’ ಎಂಬ ಪ್ರಶ್ನೆಯನ್ನು ಇವರು ಪ್ರಮೇಯವನ್ನಾಗಿ ಮಾಡಿಕೊಂಡಿದ್ದಾರೆ. ನಾವು ಆಲಿಸಿರುವ ದಿಕ್ಕು, ಆವರ್ತನ, ಸಮಯ ಎಲ್ಲ ಕೂಡಿಸಿದರೂ ಆಲಿಸಬೇಕಾದ್ದರ ಲೆಕ್ಕದಲ್ಲಿ ಅದು ಏನೇನೂ ಅಲ್ಲ. ಹುಡುಕದ ಜಾಗದಲ್ಲಿ ಸಿಗಲಿಲ್ಲ ಎಂದು ದೂರುವುದು ಯಾವ ನ್ಯಾಯ?

ಹಾಗಾದರೆ ಈ ಹುಡುಕಾಟದಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವಂಥದ್ದು ಏನಿದೆ? ಬೇಕಾದಷ್ಟಿದೆ. ಆದರೆ ಅದು ಇದೆ-ಇಲ್ಲ ಎಂಬ ಉತ್ತರದಲ್ಲಿಲ್ಲ. ‘ಸಿಕ್ಕಿತು’ ಎಂದವರ ಮಾತನ್ನು ವಿಜ್ಞಾನ ಹೇಗೆ ಹಿಡಿದು ಜಗ್ಗಿ ನೋಡಿತು ಎಂಬುದರಲ್ಲಿದೆ. ನನ್ನ ಮಟ್ಟಿಗೆ ಕಳೆದ ಐವತ್ತು ವರ್ಷಗಳ ಅನ್ಯಗ್ರಹ ಜೀವಿ ಶೋಧದ ನಿಜವಾದ ಆಸ್ತಿ ಅದರ ನಿರಾಕರಣೆಗಳು. ಪಠ್ಯಪುಸ್ತಕಗಳೂ ಕ್ವಿಜ್ ಪುಸ್ತಕಗಳೂ ಎಸೆಯುವುದು ಇದನ್ನೇ.

ವೈಕಿಂಗ್ ನೌಕೆಗಳನ್ನೇ ನೋಡಿ. ‘1976ರಲ್ಲಿ ಮಂಗಳದ ಮೇಲಿಳಿದ ವೈಕಿಂಗ್‌ಗೆ ಜೀವಿಗಳು ಸಿಗಲಿಲ್ಲ’ ಎಂಬ ಒಂದು ಸಾಲಿನಲ್ಲಿ ಕಥೆ ಮುಗಿಸುತ್ತೇವೆ. ನಡೆದದ್ದು ಬೇರೆ. ಜುಲೈ 20ರಂದು ವೈಕಿಂಗ್-1, ಸೆಪ್ಟೆಂಬರ್ 3ರಂದು ವೈಕಿಂಗ್-2 ಇಳಿದವು. ಎರಡರಲ್ಲೂ ಜೀವ ಪತ್ತೆಗೆಂದೇ ಮೂರು ಪ್ರಯೋಗಗಳಿದ್ದವು. ಅವುಗಳಲ್ಲೊಂದು ಗಿಲ್ಬರ್ಟ್ ಲೆವಿನ್ ಅವರದ್ದು. ಮೂಲತಃ ಅವರು ಕುಡಿಯುವ ನೀರಿನ ಶುದ್ಧತೆಯ ಕೆಲಸದಿಂದ ಬಂದ ಎಂಜಿನಿಯರ್. ನೀರಿನಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೇಗ ಪತ್ತೆ ಹಚ್ಚುವ ಉಪಾಯವನ್ನೇ ಮಂಗಳಕ್ಕೆ ಒಯ್ದರು. ಸೂಕ್ಷ್ಮಜೀವಿಗಳು ತಿನ್ನುವಂಥ ಪೋಷಕ ದ್ರಾವಣಕ್ಕೆ ವಿಕಿರಣಶೀಲ ಕಾರ್ಬನ್-14 ಸೇರಿಸಿ ಮಂಗಳದ ಮಣ್ಣಿನ ಮೇಲೆ ಒಂದೆರಡು ತೊಟ್ಟು ಹನಿಸುವುದು. ಮಣ್ಣಿನಲ್ಲಿ ಜೀವಿಗಳಿದ್ದರೆ ತಿಂದು ಉಸಿರು ಬಿಡುತ್ತವೆ. ಆ ಉಸಿರಿನಲ್ಲಿ ವಿಕಿರಣಶೀಲ ಅನಿಲ ಇರುತ್ತದೆ. ಹನಿಸಿದರು. ಅನಿಲ ಬಂತು! ಅದೇ ಮಣ್ಣನ್ನು 160 ಡಿಗ್ರಿಗೆ ಕಾಯಿಸಿ ಮತ್ತೆ ಹನಿಸಿದರೆ ಅನಿಲ ಬರಲಿಲ್ಲ. ಕಾಯಿಸಿದಾಗ ಜೀವಿಗಳು ಸತ್ತವು ಎಂದುಕೊಂಡರೆ ಎಲ್ಲ ಸರಿಹೋಗುತ್ತದೆ. ಹೊರಡುವ ಮುಂಚೆ ಒಪ್ಪಿಕೊಂಡಿದ್ದ ಅಳತೆಗೋಲಿನ ಪ್ರಕಾರ ಇದು ‘ಇದೆ’ ಎಂಬ ಫಲಿತಾಂಶ.

ಆದರೆ ಅದೇ ನೌಕೆಯ ಇನ್ನೊಂದು ಉಪಕರಣ ಮಣ್ಣನ್ನು ಸುಟ್ಟು ಅದರಲ್ಲಿ ಸಾವಯವ ಅಣುಗಳಿವೆಯೇ ಎಂದು ಮೂಸಿ ನೋಡುತ್ತಿತ್ತು. ಅದಕ್ಕೆ ಏನೂ ಸಿಗಲಿಲ್ಲ. ಕ್ಲೋರೋಮೀಥೇನಿನಂಥ ಒಂದಿಷ್ಟು ಸಿಕ್ಕಿದರೂ ಅದು ಭೂಮಿಯಲ್ಲಿ ಉಪಕರಣ ತೊಳೆದ ದ್ರವದ ಶೇಷ ಎಂದು ಬದಿಗಿಟ್ಟರು. ದೇಹವೇ ಇಲ್ಲದ ಮೇಲೆ ಉಸಿರು ಯಾರದ್ದು? ಎರಡನೇ ಸಲ ದ್ರಾವಣ ಹನಿಸಿದಾಗ ಅನಿಲ ಹೆಚ್ಚುವ ಬದಲು ಇದ್ದದ್ದೂ ಸ್ವಲ್ಪ ಇಳಿಯಿತು. ಹೊಟ್ಟೆ ತುಂಬಾ ತಿಂದು ಬೆಳೆಯುವ ಜೀವಿಗಳ ನಡತೆ ಹಾಗಿರುವುದಿಲ್ಲ. ಮತ್ತೊಂದು ಪ್ರಯೋಗದಲ್ಲಿ ಮಣ್ಣಿಗೆ ತೇವ ತಾಗಿದ ಕೂಡಲೇ ಆಮ್ಲಜನಕ ಹೊಮ್ಮಿತು, ಕತ್ತಲಲ್ಲೂ ಹೊಮ್ಮಿತು, ಕಾಯಿಸಿದ ಮಣ್ಣಿನಲ್ಲೂ ಹೊಮ್ಮಿತು. ಇದು ಜೀವವಲ್ಲ, ವಿಚಿತ್ರ ರಸಾಯನ ಎಂದು ಹೆಚ್ಚಿನವರು ತೀರ್ಮಾನಿಸಿದರು. ಲೆವಿನ್ ಒಪ್ಪಲಿಲ್ಲ, 2021ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ.

ಮೂವತ್ತೆರಡು ವರ್ಷ ಕಳೆದು 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಉತ್ತರ ಧ್ರುವದ ಹತ್ತಿರ ಇಳಿದು ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣವನ್ನು ಪತ್ತೆ ಹಚ್ಚಿತು. ಈ ಲವಣ ತಣ್ಣಗಿದ್ದಾಗ ಸಾಧು. ಕಾಯಿಸಿದರೆ ಪಕ್ಕದಲ್ಲಿರುವ ಸಾವಯವ ಅಣುಗಳನ್ನು ಸುಟ್ಟು ಮುಗಿಸುತ್ತದೆ. ಮೆಕ್ಸಿಕೋದ ರಫಾಯೆಲ್ ನವಾರೋ-ಗೊನ್ಸಾಲೆಸ್ ಮತ್ತವರ ಸಂಗಡಿಗರು ಚಿಲಿಯ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್‌ಕ್ಲೋರೇಟ್ ಬೆರೆಸಿ ವೈಕಿಂಗ್ ಕಾಯಿಸಿದಂತೆಯೇ ಕಾಯಿಸಿದರು. ಹೊರಬಂದದ್ದು ಕ್ಲೋರೋಮೀಥೇನ್. 1976ರಲ್ಲಿ ‘ತೊಳೆದ ದ್ರವದ ಶೇಷ’ ಎಂದು ಬದಿಗಿಟ್ಟದ್ದು ಮಂಗಳದ ಸ್ವಂತ ಸಾವಯವ ಅಣುಗಳ ಬೂದಿಯಾಗಿದ್ದಿರಬಹುದು. ಆಮೇಲೆ ಕ್ಯೂರಿಯಾಸಿಟಿ ಬಂಡಿ ಗೇಲ್ ಕುಳಿಯ ಬಂಡೆಗಳಲ್ಲಿ ಸಾವಯವ ಅಣುಗಳನ್ನು ನೇರವಾಗಿಯೇ ಕಂಡಿತು. ಇದರಿಂದ ಲೆವಿನ್ ಗೆದ್ದರೇ? ಇಲ್ಲ. ಸಾವಯವ ಅಣು ಉಲ್ಕೆಗಳಲ್ಲೂ ಇರುತ್ತದೆ, ಅದಕ್ಕೆ ಜೀವ ಬೇಕೆಂದಿಲ್ಲ. ಆದರೆ ಅವರನ್ನು ಸೋಲಿಸಲು ಬಳಸಿದ ಮುಖ್ಯ ಸಾಕ್ಷಿ ಸಡಿಲವಾಯಿತು.

ಈ ಕಥೆಯ ತಿರುಳು ಏನು? ಮಣ್ಣಿನ ರಸಾಯನ ಗೊತ್ತಾಗುವ ಮೊದಲೇ ಮಣ್ಣಿನಲ್ಲಿ ಜೀವವಿದೆಯೇ ಎಂದು ಕೇಳಿದೆವು. ಹಾಗಾಗಿ ಉತ್ತರ ಬಂದರೂ ಅದನ್ನು ಓದಲು ಬರಲಿಲ್ಲ. ಆಮೇಲೆ ನಾಸಾ ಇಂಥ ನೇರ ಪ್ರಯೋಗವನ್ನು ಮಂಗಳಕ್ಕೆ ಮತ್ತೆ ಕಳಿಸಲೇ ಇಲ್ಲ. ನೀರು ಎಲ್ಲಿತ್ತು, ಬಂಡೆ ಹೇಗೆ ಹುಟ್ಟಿತು, ವಾಸಕ್ಕೆ ಯೋಗ್ಯವಾಗಿತ್ತೇ ಎಂದು ಬುಡದಿಂದ ಕೇಳುತ್ತಾ ಬಂತು. 2024ರ ಅಕ್ಟೋಬರಿನಲ್ಲಿ ಗುರುವಿನ ಉಪಗ್ರಹ ಯುರೋಪಾದತ್ತ ಹೊರಟ ಯುರೋಪಾ ಕ್ಲಿಪ್ಪರ್ ಕೂಡ ಜೀವಿಯನ್ನು ಹುಡುಕುವುದಿಲ್ಲ. ಹಿಮದ ಕೆಳಗಿನ ಸಾಗರ ಜೀವಕ್ಕೆ ಒಗ್ಗುವಂಥದ್ದೇ ಎಂದಷ್ಟೇ ನೋಡುತ್ತದೆ. ಪತ್ರಿಕೆಗಳು ಮಾತ್ರ ಅದನ್ನು ‘ಜೀವಿಗಳ ಬೇಟೆಗೆ ಹೊರಟ ನೌಕೆ’ ಎಂದೇ ಕರೆದವು.

1996ರ ಆಗಸ್ಟ್‌ನ ಕೋಲಾಹಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಟಾರ್ಕ್ಟಿಕಾದಲ್ಲಿ 1984ರಲ್ಲಿ ಹೆಕ್ಕಿದ, ಮಂಗಳದಿಂದ ಸಿಡಿದು ಬಂದ, ಎರಡು ಕಿಲೋ ಕೂಡ ತೂಗದ ಉಲ್ಕಾಶಿಲೆಯೊಂದರಲ್ಲಿ ಹುಳುವಿನಾಕಾರದ ಸೂಕ್ಷ್ಮ ರಚನೆಗಳು, ಬ್ಯಾಕ್ಟೀರಿಯಾ ಮಾಡುವಂಥ ಅಯಸ್ಕಾಂತ ಹರಳುಗಳು ಸಿಕ್ಕಿವೆ ಎಂದು ನಾಸಾ ವಿಜ್ಞಾನಿಗಳು ಘೋಷಿಸಿದರು. ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಶ್ವೇತಭವನದಲ್ಲಿ ಅದರ ಬಗ್ಗೆ ಮಾತಾಡಿದರು. ನಂತರದ ವರ್ಷಗಳಲ್ಲಿ ಒಂದೊಂದು ಸಾಕ್ಷಿಗೂ ಜೀವ ಬೇಡದ ವಿವರಣೆ ಸಿಕ್ಕಿತು. ಘೋಷಣೆ ಮುಖಪುಟದಲ್ಲಿ ಬಂತು, ನಿರಾಕರಣೆ ಒಳಪುಟದಲ್ಲೂ ಬರಲಿಲ್ಲ. ಹಾಗಂತ ಅದು ವ್ಯರ್ಥವಾಗಲಿಲ್ಲ. ಕಲ್ಲಿನಲ್ಲಿ ಜೀವದ ಗುರುತು ಎಂದರೆ ಏನು ಎಂದು ಭೂವಿಜ್ಞಾನಿಗಳು ನಿಷ್ಠುರವಾಗಿ ಜಗಳವಾಡಿ ಕಲಿತದ್ದು ಆ ಕಲ್ಲಿನ ದೆಸೆಯಿಂದಲೇ.

ಇಷ್ಟೆಲ್ಲ ಅನುಮಾನಿಸುತ್ತಾ ಕೂತರೆ, ಎದುರಿಗೇ ಜೀವ ಕುಣಿದಾಡುತ್ತಿದ್ದರೂ ನಮಗೆ ಗೊತ್ತಾಗುತ್ತದೆಯೇ? ಒಳ್ಳೆಯ ಪ್ರಶ್ನೆ. ಕಾರ್ಲ್ ಸಗಾನ್ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆ ವೇಗ ಪಡೆಯಲು 1990ರ ಡಿಸೆಂಬರಿನಲ್ಲಿ ಭೂಮಿಯ ಪಕ್ಕದಿಂದಲೇ ಹಾದುಹೋಯಿತು. ಆ ಅವಕಾಶ ಬಳಸಿ ಅದರ ಉಪಕರಣಗಳನ್ನು ಭೂಮಿಯತ್ತ ತಿರುಗಿಸಿ, ಈ ಗ್ರಹದ ಬಗ್ಗೆ ಏನೂ ಗೊತ್ತಿಲ್ಲವೆಂದೇ ಇಟ್ಟುಕೊಂಡು, ಇಲ್ಲಿ ಜೀವ ಇದೆಯೇ ಎಂದು ಕೇಳಿದರು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪ್ರಬಂಧ ನನ್ನ ಪ್ರಕಾರ ಈ ಕ್ಷೇತ್ರದ ಅತಿ ಚೆಂದದ ಕೆಲಸ. ವಾತಾವರಣದಲ್ಲಿ ಹೇರಳ ಆಮ್ಲಜನಕ ಕಂಡಿತು. ಅದರ ಜೊತೆಗೇ ಮೀಥೇನ್ ಕಂಡಿತು. ಆಮ್ಲಜನಕವಿದ್ದಲ್ಲಿ ಮೀಥೇನ್ ಹೆಚ್ಚು ಕಾಲ ಬಾಳುವುದಿಲ್ಲ, ಉರಿದು ಹೋಗುತ್ತದೆ. ಎರಡೂ ಒಟ್ಟಿಗಿವೆ ಎಂದರೆ ಯಾರೋ ಎಡೆಬಿಡದೆ ತುಂಬುತ್ತಿದ್ದಾರೆ. ನೆಲದ ಮೇಲೆ ಕೆಂಪು ಬೆಳಕನ್ನು ಹೀರುವ, ಯಾವ ಬಂಡೆಗೂ ಹೊಂದದ ಬಣ್ಣದ್ರವ್ಯ ಕಂಡಿತು. ಅದು ಎಲೆಗಳ ಹರಿತ್ತು. ಕಿರಿದಾದ ಆವರ್ತನಗಳಲ್ಲಿ ಏರಿಳಿಯುವ ರೇಡಿಯೋ ಅಲೆಗಳೂ ಕೇಳಿದವು. ಮಜಾ ಏನೆಂದರೆ, ನೌಕೆಯ ಕ್ಯಾಮೆರಾ ತೆಗೆದ ಚಿತ್ರಗಳಲ್ಲಿ ಮನುಷ್ಯರ ನಾಗರಿಕತೆಯ ಸುಳಿವು ಸಿಗಲಿಲ್ಲ. ಕೈಗೆಟಕುವಷ್ಟು ಹತ್ತಿರವಿದ್ದರೂ ಕಣ್ಣಿಗೆ ಬೀಳದ ನಾವು, ರಸಾಯನದ ಲೆಕ್ಕದಲ್ಲಿ ಸಿಕ್ಕಿಬಿದ್ದೆವು.

ಇದರ ಕೊಂಡಿಯೊಂದು ಬೆಂಗಳೂರಿನಲ್ಲೇ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದದ್ದನ್ನು ಇಡೀ ದೇಶ ನೋಡಿತು. ವಿಕ್ರಮನನ್ನು ಚಂದ್ರನ ಕಕ್ಷೆಗೆ ಮುಟ್ಟಿಸಿದ ಪ್ರೊಪಲ್ಶನ್ ಮಾಡ್ಯೂಲ್ ಮೇಲೇ ಉಳಿಯಿತು, ಅದರ ಮೇಲೆ ‘ಶೇಪ್’ ಎಂಬ ಸಣ್ಣ ಉಪಕರಣವೊಂದಿತ್ತು ಎಂಬುದನ್ನು ಗಮನಿಸಿದವರು ಕಡಿಮೆ. ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದ ಅದರ ಕೆಲಸ ಚಂದ್ರನನ್ನು ನೋಡುವುದಾಗಿರಲಿಲ್ಲ. ದೂರದಿಂದ ಭೂಮಿಯನ್ನು ಒಂದು ಅನ್ಯಗ್ರಹವೆಂಬಂತೆ ನೋಡಿ, ಅವಕೆಂಪು ಬೆಳಕಿನಲ್ಲಿ ಅದರ ರೋಹಿತವನ್ನೂ ಧ್ರುವೀಕರಣವನ್ನೂ ಅಳೆಯುವುದು. ಜೀವವಿದೆ ಎಂದು ಖಚಿತವಾಗಿ ಗೊತ್ತಿರುವ ಒಂದೇ ಗ್ರಹ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಅಳತೆ ಮಾಡಿಟ್ಟುಕೊಂಡರೆ, ನಾಳೆ ಬೇರೆ ಗ್ರಹದ ಬೆಳಕು ಸಿಕ್ಕಾಗ ಹೋಲಿಸಲು ಒಂದು ಒರೆಗಲ್ಲು ಇರುತ್ತದೆ. ಚಂದ್ರಯಾನದ ಬಗ್ಗೆ ಎಷ್ಟು ಭಾಷಣ ಕೇಳಿದ್ದೇವೆ! ಶೇಪ್ ಹೆಸರು ಎಷ್ಟರಲ್ಲಿ ಬಂತು?

ಒರೆಗಲ್ಲು ಯಾಕೆ ಬೇಕೆಂಬುದಕ್ಕೆ ಇತ್ತೀಚಿನ ಎರಡು ಪ್ರಕರಣ ಸಾಕು. 2020ರ ಸೆಪ್ಟೆಂಬರಿನಲ್ಲಿ ಜೇನ್ ಗ್ರೀವ್ಸ್ ಅವರ ತಂಡ ಶುಕ್ರಗ್ರಹದ ಮೋಡಗಳಲ್ಲಿ ಫಾಸ್ಫೀನ್ ಅನಿಲ ಕಂಡಿದ್ದಾಗಿ ಹೇಳಿತು. ಭೂಮಿಯಲ್ಲಿ ಅದನ್ನು ಕೆಲವು ಸೂಕ್ಷ್ಮಜೀವಿಗಳು ಉತ್ಪಾದಿಸುತ್ತವೆ. ಕೆಲವೇ ತಿಂಗಳಲ್ಲಿ ಆಲ್ಮಾ ದೂರದರ್ಶಕದ ಮಾಹಿತಿಯ ಸಂಸ್ಕರಣೆಯಲ್ಲಿ ದೋಷವಿತ್ತೆಂದು ತಿಳಿದು, ತಂಡವೇ ತನ್ನ ಅಂದಾಜನ್ನು ಬಹಳ ಕೆಳಕ್ಕಿಳಿಸಿತು. ಅದು ಫಾಸ್ಫೀನೋ ಗಂಧಕದ ಡೈಆಕ್ಸೈಡೋ ಎಂಬ ಜಗಳ ಇನ್ನೂ ನಡೆದಿದೆ.

ಎರಡನೆಯದು ಕೆ2-18ಬಿ. ಸಿಂಹರಾಶಿಯ ದಿಕ್ಕಿನಲ್ಲಿ 124 ಜ್ಯೋತಿರ್ವರ್ಷ ದೂರದ, ಭೂಮಿಯ ಎಂಟೂವರೆ ಪಟ್ಟಿಗೂ ಹೆಚ್ಚು ತೂಕದ ಗ್ರಹ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ, ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿಯಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವು ಇದೆ ಎಂದಿತು. ನಮ್ಮ ಸಾಗರಗಳಲ್ಲಿ ಅದು ಪ್ಲವಕಗಳಿಂದ ಬರುತ್ತದೆ. ಭಾರತ ಮೂಲದ ವಿಜ್ಞಾನಿ ಎಂಬ ಕಾರಣಕ್ಕೆ ನಮ್ಮ ಮಾಧ್ಯಮಗಳ ಸಂಭ್ರಮಕ್ಕೆ ಮಿತಿಯೇ ಇರಲಿಲ್ಲ. ‘ಶೇ. 99.7ರಷ್ಟು ಖಚಿತ’ ಎಂದು ತಲೆಬರಹ ಕೊಟ್ಟರು. ಆ ಅಂಕೆಯ ಅರ್ಥ ಅದಲ್ಲ. ನಿಜವಾಗಿ ಅಲ್ಲಿ ಏನೂ ಇಲ್ಲದಿದ್ದಾಗಲೂ ಅಳತೆಯ ಏರುಪೇರಿನಿಂದಲೇ ಇಂಥ ಸುಳಿವು ಕಾಣಿಸಿಕೊಳ್ಳುವ ಸಾಧ್ಯತೆ ಶೇ. 0.3 ಎಂದಷ್ಟೇ ಅದು ಹೇಳುತ್ತದೆ. ಸುಳಿವು ಆ ಅನಿಲದ್ದೇ ಎಂದಾಗಲಿ, ಅನಿಲ ಜೀವದಿಂದಲೇ ಬಂತೆಂದಾಗಲಿ ಹೇಳುವುದಿಲ್ಲ. ಅದೇ ಮಾಹಿತಿಯನ್ನು ಬೇರೆ ತಂಡಗಳು ಬೇರೆ ವಿಧಾನದಲ್ಲಿ ಓದಿದಾಗ ಸುಳಿವು ದುರ್ಬಲವಾಯಿತು. ಅದಕ್ಕೂ ಮೊದಲೇ, 2024ರಲ್ಲಿ, ರೊಸೆಟ್ಟಾ ನೌಕೆ ಹಿಂಬಾಲಿಸಿದ್ದ 67ಪಿ ಧೂಮಕೇತುವಿನಲ್ಲೂ ಇದೇ ಅನಿಲ ಇತ್ತೆಂದು ವರದಿಯಾಗಿತ್ತು. ಅಲ್ಲಿ ಸಾಗರವೂ ಇಲ್ಲ, ಪ್ಲವಕವೂ ಇಲ್ಲ. ಮಧುಸೂದನ್ ಅವರೇ ಹೆಚ್ಚಿನ ವೀಕ್ಷಣೆ ಬೇಕು, ಆತುರ ಬೇಡ ಎಂದಿದ್ದರು. ಆ ಭಾಗ ಸುದ್ದಿಯಲ್ಲಿ ಸಣ್ಣಕ್ಷರವಾಯಿತು.

ರೇಡಿಯೋ ಕಡೆಯ ಕಥೆಗಳು ಇನ್ನೂ ಸ್ವಾರಸ್ಯದವು. 1967ರಲ್ಲಿ ಜೋಸೆಲಿನ್ ಬೆಲ್ ಗಡಿಯಾರದಂತೆ ತಪ್ಪದೆ ಬರುವ ಮಿಡಿತ ಕಂಡಾಗ ಅರ್ಧ ತಮಾಷೆಗೆ ‘ಪುಟ್ಟ ಹಸಿರು ಮನುಷ್ಯರು’ ಎಂದು ಹೆಸರಿಟ್ಟರು, ಸಿಕ್ಕಿದ್ದು ಪಲ್ಸಾರ್. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕಕ್ಕೆ ವರ್ಷಗಟ್ಟಲೆ ಆಗಾಗ ಕೇಳುತ್ತಿದ್ದ ನಿಗೂಢ ಸದ್ದಿನ ಮೂಲ 2015ರಲ್ಲಿ ಪತ್ತೆಯಾಯಿತು. ಅಲ್ಲಿನ ಸಿಬ್ಬಂದಿ ಮೈಕ್ರೊವೇವ್ ಒಲೆ ನಿಲ್ಲುವ ಮುಂಚೆಯೇ ಬಾಗಿಲು ತೆಗೆಯುತ್ತಿದ್ದರು! ಅದೇ ದೂರದರ್ಶಕ 2019ರಲ್ಲಿ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯ ದಿಕ್ಕಿನಿಂದ ಒಂದು ಸಂಕೇತವನ್ನು ದಾಖಲಿಸಿತ್ತು. ರಾಶಿ ಮಾಹಿತಿಯಲ್ಲಿ ಅದನ್ನು ಮೊದಲು ಗುರುತಿಸಿದ್ದು ಶೇನ್ ಸ್ಮಿತ್ ಎಂಬ ಪದವಿ ವಿದ್ಯಾರ್ಥಿ. ನಂತರ ಸೋಫಿಯಾ ಶೇಖ್ ನೇತೃತ್ವದ ತಂಡ ಅದನ್ನು ಬಿಡಿಸಿ ಬಿಡಿಸಿ ನೋಡಿ, ಬೇರೆ ಆವರ್ತನಗಳಲ್ಲಿ ಅದರದ್ದೇ ಅಚ್ಚಿನ ಸಂಕೇತಗಳಿರುವುದನ್ನು ಕಂಡು, ಇದು ಭೂಮಿಯ ಯಾವುದೋ ಎಲೆಕ್ಟ್ರಾನಿಕ್ ಯಂತ್ರದ್ದು ಎಂದು 2021ರಲ್ಲಿ ತೋರಿಸಿತು. ಪದವಿ ವಿದ್ಯಾರ್ಥಿಯೊಬ್ಬ ಇಂಥ ಕೆಲಸದಲ್ಲಿ ಕೈ ಹಾಕಬಲ್ಲ ಎಂಬುದು ನಮ್ಮ ಬಿಎಸ್ಸಿ ಹುಡುಗ ಹುಡುಗಿಯರಿಗೆ ಹೇಳಬೇಕಾದ ಸುದ್ದಿ. ಹಾರುವ ತಟ್ಟೆಯ ವಿಡಿಯೋ ಅಲ್ಲ.

ಇಷ್ಟೆಲ್ಲ ಬೇಡ-ಇಲ್ಲ-ಆಗಲಿಲ್ಲ ಹೇಳಿದರೆ ಮಕ್ಕಳ ಕುತೂಹಲ ಬಾಡುತ್ತದೆ, ಸ್ವಲ್ಪ ಕನಸು ಇರಲಿ ಎಂದು ಶಿಕ್ಷಕ ಗೆಳೆಯರು ಆಕ್ಷೇಪಿಸುತ್ತಾರೆ. ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಗಗನಯಾತ್ರಿಯ ಚಿತ್ರ ನೋಡಿ ವಿಜ್ಞಾನಕ್ಕೆ ಬಂದವರು ಬಹಳ ಮಂದಿ. ಆದರೆ ಕನಸನ್ನು ಉತ್ತರವಾಗಿ ಕೊಟ್ಟುಬಿಟ್ಟರೆ ಮಗುವಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ‘ಎಲ್ಲೋ ಖಂಡಿತ ಇದ್ದಾರೆ’ ಎಂದು ನಂಬಿದವನಿಗೆ ರೋಹಿತದ ಒಂದು ಗೆರೆಯ ಮೇಲೆ ಐದು ವರ್ಷ ಕೂರುವ ಅಗತ್ಯ ಕಾಣುವುದಿಲ್ಲ. ಗೊತ್ತಿಲ್ಲ ಎಂದು ತಿಳಿದವಳು ಕೂರುತ್ತಾಳೆ. ಮಂಗಳದ ಮೀಥೇನ್ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕ್ಯೂರಿಯಾಸಿಟಿ ನೆಲದ ಮೇಲೆ ನಿಂತು ಮೀಥೇನ್ ಇದೆ, ಋತುವಿಗೆ ತಕ್ಕಂತೆ ಏರಿಳಿಯುತ್ತದೆ ಅನ್ನುತ್ತದೆ. ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ ಮೇಲಿನಿಂದ ನೋಡಿ, ಅದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಅಳೆದರೂ ಕಾಣುತ್ತಿಲ್ಲ ಅನ್ನುತ್ತದೆ. ಎರಡೂ ಒಳ್ಳೆಯ ಉಪಕರಣಗಳೇ. ಇದಕ್ಕಿಂತ ದೊಡ್ಡ ಕುತೂಹಲ ಯಾವ ಹಾರುವ ತಟ್ಟೆಯಲ್ಲಿದೆ?

ನಮ್ಮದೇ ಮಂಗಳಯಾನವೂ ಆ ಜಗಳದಲ್ಲಿ ಪಾಲುಗೊಳ್ಳಬೇಕಾಗಿತ್ತು. 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲೇ ಕಕ್ಷೆ ಸೇರಿದ ಆ ನೌಕೆಯ ಐದು ಉಪಕರಣಗಳಲ್ಲೊಂದು ಮೀಥೇನ್ ಸಂವೇದಕ. ಅದರ ವಿನ್ಯಾಸದಲ್ಲಿನ ಕೊರತೆಯಿಂದ ಮೀಥೇನನ್ನು ಬೇರೆ ಅನಿಲಗಳಿಂದ ಬೇರ್ಪಡಿಸಿ ಗುರುತಿಸಲು ಆಗುತ್ತಿಲ್ಲ ಎಂದು 2016ರ ಕೊನೆಗೆ ವರದಿಯಾಯಿತು. ಉಪಕರಣವನ್ನು ಮಂಗಳದ ನೆಲ ಎಷ್ಟು ಬೆಳಕು ಹಿಂದಿರುಗಿಸುತ್ತದೆ ಎಂಬ ನಕ್ಷೆ ತಯಾರಿಸಲು ಬಳಸಿಕೊಂಡರು. 450 ಕೋಟಿ ರೂಪಾಯಿಯಲ್ಲಿ ಮಂಗಳ ಮುಟ್ಟಿದ ಕಥೆಯನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು. ಸಂವೇದಕದ ಕಥೆಯನ್ನೂ ಅದೇ ಉಸಿರಿನಲ್ಲಿ ಹೇಳಿದರೆ ಹೆಮ್ಮೆಗೆ ಕುಂದಾಗುವುದಿಲ್ಲ. ಒಂದು ಅನಿಲವನ್ನು ಕೋಟಿ ಕೋಟಿ ಕಿಲೋಮೀಟರ್ ದೂರದಲ್ಲಿ ಗುರುತಿಸುವುದು ಎಷ್ಟು ನಾಜೂಕಿನ ಕೆಲಸ ಎಂದು ಅವರಿಗೆ ಅರ್ಥವಾಗುತ್ತದೆ.

ಈ ಶಿಸ್ತು ಮಾತಾಡುವ ಧಾಟಿಯನ್ನೇ ಬದಲಿಸುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರ್ ಸಾಕ್ಷಿ. ಮಂಗಳದ ಜೆಜೆರೋ ಕುಳಿಯ ಬಳಿ ಪರ್ಸೆವೆರೆನ್ಸ್ ಬಂಡಿ ಚಿರತೆಯ ಚುಕ್ಕೆಯಂಥ ಗುರುತುಗಳಿರುವ ಕೆಸರುಕಲ್ಲೊಂದನ್ನು ಕೊರೆದು ಮಾದರಿ ತೆಗೆದಿತ್ತು. ಚುಕ್ಕೆಗಳ ಅಂಚಿನಲ್ಲಿ ಕಬ್ಬಿಣದ ಫಾಸ್ಫೇಟು, ಕಬ್ಬಿಣದ ಸಲ್ಫೈಡು ಇರುವ ಲಕ್ಷಣ. ಭೂಮಿಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಒಡನಾಟದಿಂದ ಇಂಥವು ಹುಟ್ಟುವುದುಂಟು. 1996ರಲ್ಲಾಗಿದ್ದರೆ ಜೀವ ಸಿಕ್ಕಿತೆಂದು ಕೂಗುತ್ತಿದ್ದರು. ಈ ಸಲ ವಿಜ್ಞಾನಿಗಳು ಹೇಳಿದ್ದು ‘ಜೀವದ ಗುರುತು ಇದ್ದರೂ ಇರಬಹುದು’ ಎಂದು ಮಾತ್ರ. ಜೀವವಿಲ್ಲದೆ ಇದು ಹುಟ್ಟಬಹುದಾದ ದಾರಿಗಳನ್ನೂ ಅದೇ ಪ್ರಬಂಧದಲ್ಲಿ ಚರ್ಚಿಸಿದರು. ತೀರ್ಮಾನವಾಗಬೇಕಾದರೆ ಆ ಮಾದರಿ ಭೂಮಿಯ ಪ್ರಯೋಗಶಾಲೆಗೆ ಬರಬೇಕು. ಅದನ್ನು ತರುವ ನಾಸಾದ ಯೋಜನೆ ದುಬಾರಿಯಾಯಿತೆಂದು ಅಮೆರಿಕದ ಸರ್ಕಾರ 2025ರಲ್ಲಿ ಅದನ್ನು ಕೈಬಿಡುವ ಪ್ರಸ್ತಾಪವನ್ನೇ ಬಜೆಟ್‌ನಲ್ಲಿ ಇಟ್ಟಿತು. 1993ರಲ್ಲಿ ಅಲ್ಲಿನ ಸಂಸತ್ತು ರೇಡಿಯೋ ಶೋಧದ ಹಣ ನಿಲ್ಲಿಸಿದ್ದೂ ಹೀಗೆಯೇ. ಆಗ ಗೇಲಿ ಮಾಡಿದವರಿಗೆ ಹಸಿರು ಮನುಷ್ಯರ ಕಥೆಗಳು ಕೈಗೆ ಸಿಕ್ಕ ಕಲ್ಲುಗಳಾಗಿದ್ದವು. ಉತ್ಪ್ರೇಕ್ಷೆಯ ಮೇಲೆ ನಿಂತ ವಿಜ್ಞಾನಕ್ಕೆ ಹಣ ಬರುವುದೂ ಬೇಗ, ನಿಲ್ಲುವುದೂ ಬೇಗ.

ಆದ್ದರಿಂದ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಡ್ರೇಕ್ ಸಮೀಕರಣದ ಹಲಗೆಯನ್ನು ಒಂದು ವರ್ಷ ಕಪಾಟಿನಲ್ಲಿಡಿ. ಅದರ ಬದಲು ವೈಕಿಂಗ್‌ನ ಮೂರು ಪ್ರಯೋಗಗಳ ಫಲಿತಾಂಶವನ್ನು, ತೀರ್ಮಾನ ಹೇಳದೆ, ಪಿಯುಸಿ ಮಕ್ಕಳ ಮುಂದಿಟ್ಟು ಜೀವವೋ ರಸಾಯನವೋ ಎಂದು ಅವರೇ ಜಗಳವಾಡಲಿ. ಪದವಿ ತರಗತಿಯವರಿಗೆ ಮಾಹಿತಿಯೇ ಕೈಗೆ ಸಿಗುತ್ತದೆ: ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ ಚಂದ್ರಯಾನ, ಮಂಗಳಯಾನ, ಆಸ್ಟ್ರೋಸ್ಯಾಟ್‌ಗಳ ಮಾಹಿತಿಯನ್ನು ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಹೆಸರು ನೋಂದಾಯಿಸಿದರೆ ಸಾಕು, ಶುಲ್ಕವಿಲ್ಲ.